ಒಂದು ಗಂಟೆ ಇಪ್ಪತ್ತು ನಿಮಿಷ

ವಿಮಾನ ನಿಲ್ದಾಣದ ವಿಚಾರಣೆ ಕಿಟಕಿಯ ಪಕ್ಕದಲ್ಲಿ ಒಂದು ಕಪ್ಪು ಹಲಗೆಯಿತ್ತು. ‘ಬಂದರು ನಗರ: ಆರು ನೂರ ನಲವತ್ತು ಕಿಲೋಮೀಟರು, ಒಂದು ಗಂಟೆ ಇಪ್ಪತ್ತು ನಿಮಿಷ’ ಎಂದು ಪ್ರತಿದಿನ ಬೆಳಿಗ್ಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಮೊದಲ ಕೆಲಸ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಯಾರು ಏನು ಕೇಳಿದರೂ ಹಲಗೆಯತ್ತ ಬೆರಳು ತೋರಿಸಿ ಸುಮ್ಮನಾಗುತ್ತಿದ್ದೆ.

ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕಿಟಕಿಗೆ ಬಂದರು. ಹೆಸರು ಯಮುನಾಬಾಯಿ, ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರೆಂದು ಆಮೇಲೆ ತಿಳಿಯಿತು.

“ಬಂದರು ನಗರದ ವಿಮಾನ ಇಳೀತೇನಪ್ಪಾ?”

“ಇಲ್ಲಮ್ಮ. ಮೂರೂ ಹತ್ತಕ್ಕೆ ಅಲ್ಲಿಂದ ಹೊರಟಿದೆ. ನಾಲ್ಕೂವರೆಗೆ ಬರುತ್ತೆ.”

ಅವರು ಹಲಗೆಯನ್ನು ಎರಡು ಸಲ ಓದಿದರು. “ಹಾಗಾದ್ರೆ ನನ್ನ ತಮ್ಮ ವಾಮನ ಮೂರೂವರೆಗೇ ಮನೆಗೆ ಹೇಗೆ ಬಂದ?”

ನಾನು ನಕ್ಕೆ. “ಬೆಳಗಿನ ವಿಮಾನದಲ್ಲಿ ಬಂದಿರಬೇಕು.”

“ಮಧ್ಯಾಹ್ನದ್ದರಲ್ಲಿ ಬರ್ತೀನಿ ಅಂತ ತಂತಿ ಕೊಟ್ಟಿದ್ದ. ಅಮ್ಮನ ಕಾರ್ಯಕ್ಕೆ ಬರಲಿಲ್ಲ ಅಂತ ಒಂಬತ್ತು ವರ್ಷ ಅವನ ಜೊತೆ ಮಾತು ಬಿಟ್ಟಿದ್ದೆ. ಈಗ ಬಂದವನು ಕೂತ. ‘ಪೆಟ್ಟಿಗೆ ವಿಮಾನದಲ್ಲೇ ಉಳೀತು, ಹೋಗಿ ತಗೊಂಡು ಬಾ ಅಕ್ಕಾ, ಆಮೇಲೆ ಮಾತಾಡೋಣ’ ಅಂದ. ನಮ್ಮ ಬೀದಿ ಪೂರ್ತಿ ಕೆಸರು. ಅವನ ಬೂಟಿಗೆ ಒಂದು ಹನಿ ಅಂಟಿರಲಿಲ್ಲ.”

ಅವರನ್ನು ಸಮಾಧಾನಪಡಿಸಲೆಂದೇ ಬಂದರು ನಗರಕ್ಕೆ ಫೋನು ಮಾಡಿದೆ. ಪ್ರಯಾಣಿಕರ ಪಟ್ಟಿಯಲ್ಲಿ ವಾಮನರಾವ್ ಹೆಸರಿತ್ತು. ಅವರು ವಿಮಾನ ಹತ್ತಿದ್ದನ್ನು ಅಲ್ಲಿಯ ಗುಮಾಸ್ತ ಕಣ್ಣಾರೆ ಕಂಡಿದ್ದ.

ನಾಲ್ಕೂವರೆಗೆ ವಿಮಾನ ಇಳಿಯಿತು. ಬಾಗಿಲು ತೆರೆದರೂ ಯಾರನ್ನೂ ಇಳಿಸಲಿಲ್ಲ. ಡಾಕ್ಟರು ಓಡುತ್ತ ಮೆಟ್ಟಿಲೇರಿದರು. ಸ್ವಲ್ಪ ಹೊತ್ತಿಗೆ ಗಗನಸಖಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: “ಹೊರಟು ಕಾಲು ಗಂಟೆಯಾಗಿತ್ತು. ವಾಮನರಾವ್ ಎದೆ ಹಿಡಿದುಕೊಂಡರು, ಅಷ್ಟೇ.”

ನಾನು ತಿರುಗಿ ಹಲಗೆಯನ್ನು ನೋಡಿದೆ. ಬರೆದದ್ದು ನನ್ನದೇ ಕೈಯಾದರೂ ಆ ಅಂಕಿಗಳು ಯಾವ ಲೆಕ್ಕದವೆಂದು ತಿಳಿಯದಾಯಿತು.

ವಿಷಯ ತಿಳಿಸಿದಾಗ ಯಮುನಾಬಾಯಿ ಅಳಲಿಲ್ಲ. “ಹಾಗಾದ್ರೆ ಮನೇಲಿ ಕಾಯ್ತಿರೋನು?” ಎಂದರು. ದೇಹವನ್ನು ಆಸ್ಪತ್ರೆಗೆ ಒಯ್ದರು, ಬೆಳಿಗ್ಗೆ ಕೊಡುತ್ತೇವೆಂದರು. ಯಮುನಾಬಾಯಿ ಒಂಟಿಯಾಗಿದ್ದವರು, ಹಾಗಾಗಿ ವಿಮಾನದಿಂದ ಇಳಿಸಿದ ತಮ್ಮನ ಪೆಟ್ಟಿಗೆ ಹಿಡಿದು ಮನೆಯವರೆಗೂ ನಾನೇ ಹೋದೆ. ಗೇಟಿನ ಬಳಿ ಅದನ್ನು ಕೈಗೆ ತೆಗೆದುಕೊಂಡು, “ಸಾಕಪ್ಪಾ, ಇನ್ನು ನೀನು ಹೊರಡು” ಎಂದರು. ಅವರು ಮೆಟ್ಟಿಲು ಹತ್ತುತ್ತಿದ್ದಂತೆ ಬಾಗಿಲು ಒಳಗಿನಿಂದ ತೆರೆಯಿತು. ಹೊಸ್ತಿಲಲ್ಲಿ ಯಾರೂ ಕಾಣಲಿಲ್ಲ. “ಬಂದೆ ಕಣೋ” ಎಂದು ಅವರು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಾದಿದ್ದೆ. ಯಮುನಾಬಾಯಿ ಒಬ್ಬರೇ ಬಂದು ಸಹಿ ಹಾಕಿದರು. ಕಣ್ಣುಗಳು ಶಾಂತವಾಗಿದ್ದವು. ಗಂಟಲು ಮಾತ್ರ ಪೂರ್ತಿ ಕಟ್ಟಿಹೋಗಿತ್ತು.

“ರಾತ್ರಿಯೆಲ್ಲಾ ಮಾತಾಡಿದ್ವಿ,” ಎಂದು ಪಿಸುಗುಟ್ಟಿದರು.

ಆಮೇಲೆ ಬಿಳಿ ಬಟ್ಟೆ ಸರಿಸಿ, ಅರ್ಧಕ್ಕೆ ನಿಂತ ಮಾತನ್ನು ಮುಂದುವರಿಸುವವರಂತೆ, ತಮ್ಮನ ಕಿವಿಯ ಬಳಿ ಬಾಗಿದರು.