ಎದೆಯ ಮೇಲಿನ ಕೂಸು

ಹೊರ್ತಿಯ ಬಸಂತರಾಯ ತನ್ನ ಅರವತ್ತೇಳು ವರ್ಷಗಳಲ್ಲಿ ಹಸುಗೂಸನ್ನು ಎತ್ತಿಕೊಂಡವನೇ ಅಲ್ಲ. ಅವರ ಮನೆತನದ ರಿವಾಜು ಹಾಗಿತ್ತು. ಹಿರಿಯರ ಎದುರು ಗಂಡಸು ತನ್ನ ಮಗುವನ್ನು ಮುಟ್ಟಿದರೆ ನಾಚಿಕೆಗೇಡು. ಮಗಳು ವಿದ್ಯಾವತಿ ಅಂಬೆಗಾಲಿಡುತ್ತ ಬಂದು ಧೋತರ ಹಿಡಿದಾಗಲೂ, ಪಡಸಾಲೆಯಲ್ಲಿ ತನ್ನ ಅಪ್ಪ ಕುಳಿತಿದ್ದಾನೆಂದು ಮುಖ ತಿರುಗಿಸಿದ್ದ. ಅಪ್ಪ ತೀರಿಕೊಂಡ ಮೇಲಾದರೂ ಎತ್ತಿಕೊಳ್ಳಬಹುದಿತ್ತು. ಅಷ್ಟರಲ್ಲಿ ಮಗಳು ಹೈಸ್ಕೂಲು ಸೇರಿದ್ದಳು.

ಹೆಂಡತಿ ಹೋದ ಮೇಲೆ ನಿಂಬೆ ತೋಟ ತಮ್ಮನ ಮಕ್ಕಳ ಕೈಸೇರಿತು. ಬಸಂತರಾಯ ಹೇಳಿದ್ದಕ್ಕೆಲ್ಲ ಅವರು ಹೂಂ ಅನ್ನುತ್ತಿದ್ದರು, ಮಾಡುತ್ತಿದ್ದುದು ಮಾತ್ರ ತಮಗೆ ತಿಳಿದಂತೆ. ಯಾರಿಗೂ ಬೇಕಾಗದ ದೊಡ್ಡಸ್ತಿಕೆ ಹೊತ್ತು ಊರ ಕಟ್ಟೆಯ ಮೇಲೆ ಕೂಡುವುದಷ್ಟೇ ಉಳಿದಿತ್ತು.

ಈಗ ನೋಡಿದರೆ ವಿಜಯಪುರದ ದವಾಖಾನೆಯಲ್ಲಿ ಅಂಗಿ ಬಿಚ್ಚಿ ಕುಳಿತಿದ್ದಾನೆ. ವಿದ್ಯಾವತಿಗೆ ಬಿಪಿ ಏರಿ, ಫಿಟ್ಸ್ ಬಂದು, ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಅವಳಿನ್ನೂ ಐಸಿಯುವಿನಲ್ಲಿ. ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸು ಒಂದೂವರೆ ಕಿಲೋ ಕೂಡ ಇಲ್ಲ. ಅಳಿಯನಿಗೂ ಬೀಗತಿಗೂ ಜ್ವರ, ಕೆಮ್ಮು. ಅವರನ್ನು ಕೂಸಿನ ಹತ್ತಿರ ಬಿಡುವಂತಿಲ್ಲ.

"ಎದಿಗೆ ಹಚ್ಚಿ ಬೆಚ್ಚಗ ಇಟ್ಕೋಬೇಕ್ರಿ ಅಜ್ಜಾರ," ಎಂದಳು ನರ್ಸ್ ಮೆಹರುನ್ನಿಸಾ.

"ಹೆಣ್ಮಕ್ಕಳ ಕೆಲಸ ಅದು. ನನಗ ಬರಂಗಿಲ್ಲ."

"ಬರೂದೇನೈತ್ರಿ ಅದರಾಗ? ಅಲುಗಾಡದಂಗ ಕುಂದ್ರೂದಷ್ಟ."

ನರೆಗೂದಲ ಎದೆಯ ಮೇಲೆ ಕೂಸನ್ನು ಮಲಗಿಸಿ ಬಟ್ಟೆ ಸುತ್ತಿದಳು. ಹತ್ತಾಳು ದುಡಿಸಿದ ಮನುಷ್ಯನಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮಧ್ಯಾಹ್ನ ಕೂಸಿನ ಉಸಿರು ನಿಂತಿತು. ಕೂಗಲು ಬಾಯಿ ಬರದೆ ಬಸಂತರಾಯ ಕುರ್ಚಿಯ ಕೈಯನ್ನು ದಬದಬ ಬಡಿದ. ಮೆಹರುನ್ನಿಸಾ ಓಡಿಬಂದು ಅಂಗಾಲು ತಟ್ಟಿದಳು, ಕೂಸು ಮತ್ತೆ ಉಸಿರೆಳೆಯಿತು. ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ, "ದಿನಾ ತೂಕ ನೋಡ್ಕೊಂತ ಹೋಗೂದ್ರಿ," ಎಂದಳಷ್ಟೇ. ಆಮೇಲೆ ಅವನನ್ನು ಊಟಕ್ಕೆ ಎಬ್ಬಿಸುವುದೇ ಕಷ್ಟವಾಯಿತು. ಮಾಡುವುದಕ್ಕೆ ಏನೂ ಇಲ್ಲ, ಬಿಟ್ಟೇಳುವ ಧೈರ್ಯವೂ ಇಲ್ಲ. ಎದೆಯ ಮೇಲೆ ಆ ಪುಟ್ಟ ಬೆನ್ನು ಏರಿಳಿಯುವುದನ್ನೇ ನೋಡುತ್ತ ಕೂಡುತ್ತಿದ್ದ. ಇಷ್ಟು ಹೆದರಿಕೆ ಅವನಿಗೆ ಹಿಂದೆಂದೂ ಆಗಿರಲಿಲ್ಲ, ಇಷ್ಟು ಪ್ರೀತಿಯೂ.

ಆರನೆಯ ದಿನ ವಿದ್ಯಾವತಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಬಾಗಿಲಲ್ಲೇ ಅವಳಿಗೆ ಅಪ್ಪನ ಬರಿ ಎದೆ ಕಂಡಿತು.

"ಜೀವ ಐತೇನಪ್ಪಾ?"

"ಐತವ್ವ. ಇವತ್ತ ಇಪ್ಪತ್ತ ಗ್ರಾಂ ಹೆಚ್ಚಾಗೇತಿ. ಇನ್ನೂ ಏನೂ ಹೇಳಾಕ ಬರಂಗಿಲ್ಲ ಅಂತಾರ."

ಅವಳು ಕೂಸನ್ನು ನೋಡಿದಳು, ಆಮೇಲೆ ಅಪ್ಪನನ್ನು.

"ಹಿಂಗ ಒಮ್ಮೆರ ನನ್ನ ಎತ್ಕೊಂಡಿದ್ದಿಯೇನಪ್ಪಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲವ್ವ."

ವಿದ್ಯಾವತಿ ಮುಖ ಮುಚ್ಚಿಕೊಂಡು ಅತ್ತಳು. ಇದ್ದದ್ದು ನಾಲ್ಕೇ ಹೆಜ್ಜೆ. ಎದ್ದು ಹೋಗಿ ತಲೆ ಸವರಬೇಕೆಂದು ಬಸಂತರಾಯನ ಜೀವ ಒದ್ದಾಡಿತು. ಕೂಸು ಆಗಷ್ಟೇ ನಿದ್ದೆಹೋಗಿತ್ತು.

"ಸಿಸ್ಟರ್," ಎಂದ. "ನನಗ ಏಳಾಕ ಬರಂಗಿಲ್ಲ. ನನ್ನ ಮಗಳನ್ನ ಒಂಚೂರು ಈ ಕಡಿ ತರ್ರಿ."