ಮಂದೆ ಎಲ್ಲಿತ್ತು?

ಹಿರಿಯೂರಿನ ಆ ಧರ್ಮಾಸ್ಪತ್ರೆಯಲ್ಲಿ ಚಿತ್ರಲಿಂಗಪ್ಪನ ಕಾರ್ಡುಗಳಿಗೆ ‘ಇಸ್ಪೀಟು’ ಎಂದು ಹೆಸರಿಟ್ಟವರು ಹೆಡ್ ಗುಮಾಸ್ತರಾದ ಹನುಮಂತಯ್ಯನವರು. “ಏನಪ್ಪ ಚಿತ್ರಲಿಂಗ, ಇವತ್ತು ಎಷ್ಟು ಆಟ ಆತು?” ಎಂದು ಬಂದ ಕೂಡಲೇ ಕೇಳದಿದ್ದರೆ ಅವರಿಗೆ ಕುಡಿದ ಕಾಫಿ ಒಳಗೆ ಇಳಿಯುತ್ತಿರಲಿಲ್ಲ. ದಾಖಲೆ ಕೋಣೆಯ ಗುಮಾಸ್ತ ಚಿತ್ರಲಿಂಗಪ್ಪ ತಲೆ ಬಗ್ಗಿಸಿ ಬರೆಯುತ್ತಲೇ ಇರುತ್ತಿದ್ದ. ಸಿಡುಕಿನ ಮನುಷ್ಯ, ಬಾಯಿ ಬಿಟ್ಟರೆ ಜಗಳವೇ ಆಗುತ್ತದೆಂದು ಅವನಿಗೇ ಗೊತ್ತಿತ್ತು.

ಆ ಕೋಣೆಯಲ್ಲಿ ರೋಗಿಗಳ ಕಾಗದಗಳೆಲ್ಲ ಬಂದ ದಿನದ ಕ್ರಮದಲ್ಲಿ ನಂಬರು ಹೊತ್ತು, ಕಟ್ಟು ಕಟ್ಟಾಗಿ ಬೀರುಗಳಲ್ಲಿ ಕೂತಿದ್ದವು. ರೋಗಿ ನಂಬರಿನ ಚೀಟಿ ತಂದರೆ ಸರಿ. ತರದಿದ್ದರೆ ಹೆಸರಿನ ರಿಜಿಸ್ಟರಿನಲ್ಲಿ ಹುಡುಕಬೇಕು. ದುರ್ಗದ ಸೀಮೆಯಲ್ಲಿ ಹೆಸರು ಹಿಡಿದು ಮನುಷ್ಯನನ್ನು ಹುಡುಕುವ ಪಾಡು ಹುಡುಕಿದವನಿಗೇ ಗೊತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಹೆತ್ತ ಗಂಡುಮಕ್ಕಳು ಮನೆಗೊಬ್ಬರು. ರಿಜಿಸ್ಟರಿನಲ್ಲಿ ‘ತಿ’ ಅಕ್ಷರವೊಂದೇ ಅರವತ್ತು ಪುಟ ನುಂಗಿ ‘ತು’ವಿನ ಜಾಗಕ್ಕೂ ಕಾಲು ಚಾಚಿತ್ತು.

ಅದಕ್ಕೇ ಚಿತ್ರಲಿಂಗಪ್ಪ ಔಷಧಿ ಡಬ್ಬಗಳ ರಟ್ಟು ಕತ್ತರಿಸಿ ಕಾರ್ಡು ಮಾಡಿಕೊಂಡಿದ್ದ. ಒಬ್ಬೊಬ್ಬ ರೋಗಿಗೆ ಎರಡು ಕಾರ್ಡು. ಒಂದು ಊರಿನ ಪೆಟ್ಟಿಗೆಗೆ, ಒಂದು ಬೇನೆಯ ಪೆಟ್ಟಿಗೆಗೆ. ಕಾರ್ಡಿನ ಮೇಲೆ ಹೆಸರು, ವಯಸ್ಸು, ಕಾಗದದ ನಂಬರು. ಹೊಸ ರೋಗಿ ಬಂದಾಗಲೆಲ್ಲ ಒಂದು ಕಡೆ ಬರೆಯುವುದನ್ನು ಮೂರು ಕಡೆ ಬರೆಯಬೇಕು. ಎರಡು ವರ್ಷ ಬೆರಳು ಸವೆಯುವಂತೆ ಬರೆದಿದ್ದ. ೧೯೭೫ರ ಜನವರಿಯ ಆ ಸೋಮವಾರ ಸಂಜೆಯೊಳಗೆ ಪೆಟ್ಟಿಗೆಗಳನ್ನು ಖಾಲಿ ಮಾಡಬೇಕೆಂದು ಹನುಮಂತಯ್ಯನವರ ಅಪ್ಪಣೆಯಾಗಿತ್ತು. ಕೋಣೆಯಲ್ಲಿ ಜಾಗ ಸಾಲದು, ರಟ್ಟು ನೀರೊಲೆಗಾದರೂ ಆದೀತು ಎಂದಿದ್ದರು.

ಹನ್ನೊಂದು ಗಂಟೆಗೆ ಹೊರಗೆ ಲಾರಿಯೊಂದು ನಿಂತಿತು. ಕಂಬಳಿಯಲ್ಲಿ ಸುತ್ತಿದ, ಮೂವತ್ತರ ಆಸುಪಾಸಿನ ಮನುಷ್ಯನೊಬ್ಬನನ್ನು ಇಳಿಸಿದರು. ಹಿಂದೆಯೇ ಹೆಂಡತಿ ಹುಲಿಗೆಮ್ಮ. ಕುರಿ ಮೇಯಿಸುವಾಗ ಅವನಿಗೆ ನಾಗರಹಾವು ಕಚ್ಚಿತ್ತು. ಅವನ ರೆಪ್ಪೆಗಳು ಜೋತುಬಿದ್ದಿದ್ದವು, ನಾಲಿಗೆ ಹೊರಳುತ್ತಿರಲಿಲ್ಲ. ಡಾಕ್ಟರ್ ಮುರುಗಪ್ಪ ಮದ್ದಿನ ಸಿರಿಂಜು ತುಂಬಿಕೊಳ್ಳುವಾಗ ಹುಲಿಗೆಮ್ಮ ಅವರ ಕೈಗೇ ಅಡ್ಡ ಬಂದಳು.

“ಸೂಜಿ ಬ್ಯಾಡ್ರಿ ಸ್ವಾಮಿ. ಹಿಂದೊಂದು ಸಲ ಇಲ್ಲೇ ಕಾಲಿನ ಗಾಯಕ್ಕೆ ಸೂಜಿ ಹಾಕಿದಾಗ ಉಸಿರೇ ನಿಂತಿತ್ತು. ಡಾಕ್ಟ್ರು ಕಾಗದದಾಗೆ ಬರ್ಕಂಡವ್ರೆ.”

ಆ ಡಾಕ್ಟರಿಗೆ ವರ್ಗವಾಗಿ ವರ್ಷವಾಗಿತ್ತು. ಮುರುಗಪ್ಪ ಕೈ ತಡೆದು ನಿಂತರು. ಚಿತ್ರಲಿಂಗಪ್ಪನನ್ನು ಕೂಗಿ ತಗ್ಗಿದ ದನಿಯಲ್ಲಿ ಹೇಳಿದರು.

“ಈ ಮದ್ದು ಕುದುರೆ ರಕ್ತದಿಂದ ತೆಗೆದಿದ್ದು. ಅವತ್ತು ಆಗದೆ ಇದ್ದದ್ದು ಪೆನ್ಸಿಲಿನ್ ಆದ್ರೆ ಭಯ ಇಲ್ಲ, ಈಗಲೇ ಪೂರ್ತಿ ಹಾಕ್ತೀನಿ. ಧನುರ್ವಾಯು ಇಂಜೆಕ್ಷನ್ ಆದ್ರೆ ಅದೂ ಕುದುರೇದೆ. ಪೂರ್ತಿ ಹಾಕಿದ್ರೆ ನನ್ನ ಕೈಯಾಗೇ ಹೋಗ್ತಾನೆ. ಹನಿ ಹನಿ ಹಾಕ್ತಾ ಕುಂತ್ರೆ ವಿಷ ಕಾಯಲ್ಲ. ಆ ಕಾಗದ ಬೇಕು. ಹತ್ತು ನಿಮಿಷ ನೋಡ್ತೀನಿ, ಆಮೇಲೆ ದೇವರ ಮೇಲೆ ಭಾರ ಹಾಕಿ ಪೂರ್ತಿ ಕೊಡೋದೇ.”

ಚೀಟಿ ಇರಲಿಲ್ಲ. ಚಿತ್ರಲಿಂಗಪ್ಪ ಹುಲಿಗೆಮ್ಮನನ್ನು ದಾಖಲೆ ಕೋಣೆಯ ಬಾಗಿಲಿಗೆ ಕರೆತಂದ.

“ಗಂಡನ ಹೆಸರು ಏನಮ್ಮ?”

ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಹೆಂಗ್ರಿ ಹೇಳ್ಲಿ? ಹೇಳಿದ್ರೆ ಅವರ ಆಯುಸ್ಸು ಕಮ್ಮಿ ಆಗ್ತದೆ ಅಂತಾರೆ. ಅವ್ರು ಹಿಂಗೆ ಬಿದ್ದಿರುವಾಗ ನನ್ನ ಬಾಯಾಗೆ ಹೇಳಸ್ತೀರಾ?”

ಅವನಿಗೆ ರೇಗಿತು. ಆದರೆ ಅವನ ತಾಯಿ ಬರಗೇರಮ್ಮನೂ ಅವನ ತಂದೆಯ ಹೆಸರನ್ನು ಒಮ್ಮೆಯೂ ಆಡದೆ ಮಣ್ಣಾದವಳು. “ಹೋಗಲಿ, ಯಾವ ದೇವರ ಹೆಸರು?”

“ಹಟ್ಟಿ ದೇವ್ರು ಸ್ವಾಮಿ. ಮಾಡಿದಷ್ಟು ನೀಡು ಅಂದ ದೇವ್ರು.”

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಅಂದರೆ ‘ತಿ’. ಅರವತ್ತು ಪುಟ. ಬಂದದ್ದು ಯಾವಾಗ ಎಂದರೆ ಹೋದ ವರ್ಷವೋ ಅದರ ಹಿಂದಿನದೋ ಅವಳಿಗೆ ನೆನಪಿಲ್ಲ. ಬೇನೆಯ ಪೆಟ್ಟಿಗೆಯಲ್ಲಿ ‘ಗಾಯ’ ಎಂದರೆ ಆರುನೂರು ಕಾರ್ಡು. ಯಾರಿಗೆ ಯಾವ ಸೂಜಿ ಆಗದು ಎಂದು ಒಂದು ಪೆಟ್ಟಿಗೆ ಇಡಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲಾಗುತ್ತದೆಯೇ? ಉಳಿದದ್ದು ಊರಿನ ಪೆಟ್ಟಿಗೆ.

“ಯಾವೂರಮ್ಮ?”

“ಯಲ್ಲದಕೆರೆ ಕಣ್ರಿ.”

ಸದ್ಯ, ಎಂದುಕೊಂಡ. ಯಲ್ಲದಕೆರೆಯ ಕಾರ್ಡು ಮೂವತ್ತೊಂದು. ಅದರಲ್ಲಿ ‘ತಿ’ ಐದು. ಇಬ್ಬರು ಮುದುಕರು, ಮೂವರು ಮಕ್ಕಳು. ಮೂವತ್ತರ ಗಂಡಸು ಒಬ್ಬನೂ ಇಲ್ಲ. ಮತ್ತೊಮ್ಮೆ ನೋಡಿದ, ಇರಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಹನುಮಂತಯ್ಯನವರು. ಆಡಿಕೊಳ್ಳುವವರ ಮುಂದೆ ಜಾರಿ ಬಿದ್ದಂತಾಯಿತು. ಆದರೆ ಹನುಮಂತಯ್ಯ ಆಡಿಕೊಳ್ಳಲಿಲ್ಲ. “ನಾಲ್ಕು ನಿಮಿಷ ಆತು” ಎಂದರು ಅಷ್ಟೆ. ಅದು ಇನ್ನೂ ಕೆಟ್ಟದಾಗಿತ್ತು.

“ಯಲ್ಲದಕೆರೆಯಾಗೆ ಇಲ್ಲವಲ್ಲಮ್ಮ. ಸುಳ್ಳು ಯಾಕೆ ಹೇಳ್ತೀ?” ಎಂದು ಚಿತ್ರಲಿಂಗಪ್ಪ ಅವಳ ಮೇಲೆ ಹಾರಿದ.

“ಸುಳ್ಳಲ್ಲ ಸ್ವಾಮಿ. ಮಂದೆ ಅಲ್ಲೇ ಐತೆ, ಎಂಟು ದಿನ ಆತು.”

“ಮಂದೆ ಯಾರು ಕೇಳಿದ್ರು? ನಿಮ್ಮ ಮನೆ ಎಲ್ಲೈತೆ?”

“ಮನೆ ಹೊಸದುರ್ಗದ ಕಡೆ, ಕಲ್ಲಹಟ್ಟಿಯಾಗೆ.”

ಕಲ್ಲಹಟ್ಟಿಯ ಕಾರ್ಡು ಎರಡು. ಎರಡೂ ಹೆಂಗಸರದು. ಕೈ ಜಾರಿ ಒಂದು ಕಾರ್ಡು ನೆಲಕ್ಕೆ ಬಿತ್ತು. ಒಳಗಿನಿಂದ ಡಾಕ್ಟರು ಕೂಗಿದರು, “ಉಸಿರು ಕಮ್ಮಿ ಆಗ್ತಾ ಐತೆ, ಸಿಕ್ತೇನ್ರಿ?” ಹುಲಿಗೆಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಊರು ಅಂದ್ರೆ ಮಂದೆ ಇರೋ ಊರಲ್ವೇನ್ರಿ,” ಎಂದಳು ಅಳುತ್ತಾ. “ನಾವೇನು ಮನೆಯಾಗೆ ಇರ್ತೀವಾ?”

ಬಿದ್ದ ಕಾರ್ಡಿಗೆ ಬಗ್ಗಿದ್ದ ಚಿತ್ರಲಿಂಗಪ್ಪ ಹಾಗೇ ನಿಂತ. ದಿನಕ್ಕೆ ಐವತ್ತು ಸಲ ಕಿಟಕಿಯಲ್ಲಿ ಕೂತು ‘ಯಾವೂರು?’ ಎಂದು ಕೇಳುವವನು ತಾನೇ. ಕುರಿಯವರು ಹೇಳುತ್ತಿದ್ದದ್ದು ಹುಟ್ಟಿದೂರಲ್ಲ, ಮನೆಯಿರುವ ಊರೂ ಅಲ್ಲ. ಆವತ್ತು ಕುರಿ ತರುಬಿ ನಿಲ್ಲಿಸಿದ ಊರು. ತಾನು ಮರುಮಾತಿಲ್ಲದೆ ಬರೆದುಕೊಂಡಿದ್ದ. ಎರಡು ವರ್ಷ.

“ಅಮ್ಮಾ, ಅವನಿಗೆ ಉಸಿರು ನಿಂತ ದಿನ ಮಂದೆ ಎಲ್ಲಿತ್ತು?”

ವರ್ಷ ನೆನಪಿಲ್ಲದವಳು ಇದಕ್ಕೆ ಒಂದು ಗಳಿಗೆಯೂ ಯೋಚಿಸಲಿಲ್ಲ. “ಬಬ್ಬೂರಾಗೆ. ಫಾರಂನಿಂದ ಆಚೆಗೆ, ಬೋರಯ್ಯನೋರ ಕಡ್ಲೇಕಾಯಿ ಹೊಲದಾಗೆ. ಥಂಡಿಗೆ ಎರಡು ಮರಿ ಸತ್ತಿದ್ವು.”

ಬಬ್ಬೂರಿನ ಕಾರ್ಡು ಎರಡು ಕೈ ತುಂಬ ಬಂದವು. ‘ತಿ’ ಹೆಕ್ಕಿದ, ಎಂಟು. ಮೂವತ್ತರ ಆಸುಪಾಸಿನ ಗಂಡಸರು ಮೂವರು. ಮೂರು ಕಾಗದ ಮೂರು ಬೀರುಗಳಲ್ಲಿ. ಮೂರನ್ನೂ ತೆಗೆಯಲು ಹೊತ್ತಿಲ್ಲ. ಜೋರಾಗಿ ಓದಿದ.

“ತಿಪ್ಪೇಸ್ವಾಮಿ.”

ಹುಲಿಗೆಮ್ಮ ಸುಮ್ಮನೆ ನೋಡುತ್ತಿದ್ದಳು.

“ತಿಪ್ಪಯ್ಯ.”

ಇಲ್ಲ.

“ತಿಪ್ಪೇರುದ್ರಪ್ಪ.”

ಅಷ್ಟು ಅಳುವಿನ ನಡುವೆಯೂ ಅವಳ ಕೈ ತಾನಾಗಿ ಮೇಲೆ ಹೋಗಿ ತಲೆಯ ಮೇಲೆ ಸೆರಗು ಎಳೆದುಕೊಂಡಿತು.

“ಎರಡು ಸಾವಿರದ ಮುನ್ನೂರ ಹದಿನೆಂಟು,” ಎಂದು ಚಿತ್ರಲಿಂಗಪ್ಪ ಕೂಗಿದ. ಅವನು ತಿರುಗುವಷ್ಟರಲ್ಲಿ ಅರವತ್ತರ ಹತ್ತಿರದ ಹನುಮಂತಯ್ಯ ಸ್ಟೂಲು ಹತ್ತಿ, ಬೀರುವಿನ ಮೇಲಿನ ಅರೆಯ ಕಟ್ಟನ್ನು ಎಳೆದು ನೆಲಕ್ಕೆ ಕೆಡವಿದ್ದರು. ಧೂಳು ಕಣ್ಣಿಗೆ ತುಂಬಿತು. ದಾರ ಬಿಚ್ಚಲಾಗದೆ ಹಲ್ಲಿನಲ್ಲೇ ಕಡಿದ. ಕಾಗದದ ಮೂಲೆಯಲ್ಲಿ ಹಳೆಯ ಡಾಕ್ಟರ ಕೆಂಪು ಶಾಯಿ: ಧನುರ್ವಾಯು ಇಂಜೆಕ್ಷನ್, ಪರೀಕ್ಷೆಯ ಹನಿಗೇ ಉಸಿರು ಕಟ್ಟಿತು.

ಚಿತ್ರಲಿಂಗಪ್ಪ ಓಡಿದ. ಮುರುಗಪ್ಪನವರು ತುಂಬಿದ ಸಿರಿಂಜು ಹಿಡಿದು ರೋಗಿಯ ತೋಳಿನ ಮೇಲೆ ಬಗ್ಗಿದ್ದರು.

“ಕುದುರೇದೆ ಸಾರ್.”

ಅವರು ಸೂಜಿ ಹಿಂದಕ್ಕೆಳೆದು ಕಾಗದವನ್ನು ತಾವೇ ಓದಿದರು. ಹಣೆಯ ಬೆವರು ಒರೆಸಿಕೊಂಡು, ಉಸಿರು ಕಟ್ಟದಂತೆ ಕಾಯುವ ಇನ್ನೊಂದು ಇಂಜೆಕ್ಷನ್ನನ್ನು ಪಕ್ಕಕ್ಕೆ ತರಿಸಿಕೊಂಡರು. ಆಮೇಲೆ ಹಾವಿನ ಮದ್ದನ್ನು ಸಲೈನ್ ನೀರಿನಲ್ಲಿ ಬೆರೆಸಿ ಹನಿ ಹನಿಯಾಗಿ ಬಿಟ್ಟರು. ಎರಡು ಸಲ ಮೈಯೆಲ್ಲ ದದ್ದು ಎದ್ದಿತು, ಎರಡು ಸಲ ನಿಲ್ಲಿಸಿದರು, ಮತ್ತೆ ಬಿಟ್ಟರು. ಕಾಂಪೌಂಡರ್ ರೋಗಿಯ ಮುಖಕ್ಕೆ ರಬ್ಬರು ಚೀಲ ಹಿಡಿದು ಒತ್ತಿ ಒತ್ತಿ ಗಾಳಿ ಊದುತ್ತಲೇ ಇದ್ದ. ಮಧ್ಯಾಹ್ನ ಕಳೆದರೂ ಯಾರೂ ಊಟಕ್ಕೆ ಏಳಲಿಲ್ಲ. ಬದುಕುತ್ತಾನೋ ಇಲ್ಲವೋ ಎಂದು ಕೇಳುವ ಧೈರ್ಯ ಚಿತ್ರಲಿಂಗಪ್ಪನಿಗೆ ಇರಲಿಲ್ಲ. ತನ್ನ ಒಂದು ಪ್ರಶ್ನೆ ಸರಿಯಿದ್ದಿದ್ದರೆ ಆರು ನಿಮಿಷ ಉಳಿಯುತ್ತಿತ್ತು ಎಂಬುದು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಸಂಜೆ ಜವಾನ ಪಾಲಯ್ಯ ಬಂದು ರಟ್ಟುಗಳನ್ನು ಒಲೆಗೆ ಒಯ್ಯಲೇ ಎಂದು ಕೇಳಿದ.

“ಯಾಕಲೇ, ಸೌದೆ ಇಲ್ವೇನು?” ಎಂದರು ಹನುಮಂತಯ್ಯ. ತಲೆ ಎತ್ತದೆ, “ಸ್ಟೋರಿನಾಗೆ ಖಾಲಿ ಡಬ್ಬ ಅವೆ. ಚಿತ್ರಲಿಂಗಂಗೆ ಕೊಡು, ಕತ್ತರಿಸಿಕಳ್ಳಿ” ಎಂದರು.

ಮರುದಿನ ಬಿಸಿಲೇರುವ ಹೊತ್ತಿಗೆ ತಿಪ್ಪೇರುದ್ರಪ್ಪನ ರೆಪ್ಪೆ ಎದ್ದವು. ಡಾಕ್ಟರು ಬಗ್ಗಿ, ಬುದ್ಧಿ ನೆಟ್ಟಗಿದೆಯೋ ಎಂದು ನೋಡಲು ನಿಧಾನವಾಗಿ ಕೇಳಿದರು, “ಯಾವೂರಪ್ಪ ನಿಂದು?”

ಅವನು ಅವರನ್ನು ದಿಟ್ಟಿಸಿದ. ಆಮೇಲೆ ಕತ್ತು ಹೊರಳಿಸಿ ಹೆಂಡತಿಯನ್ನು ಹುಡುಕಿ, ದಪ್ಪ ನಾಲಿಗೆಯಲ್ಲಿ ಕೇಳಿದ. “ಮಂದೆ ಎಲ್ಲೈತೆ?”

“ಇನ್ನೂ ಮಂಪರು ಇಳಿದಿಲ್ಲ,” ಎಂದರು ಮುರುಗಪ್ಪ.

ಬಾಗಿಲಲ್ಲಿದ್ದ ಚಿತ್ರಲಿಂಗಪ್ಪ ಒಂದು ಹೆಜ್ಜೆ ಮುಂದೆ ಬಂದ. “ಇಳಿದೈತೆ ಸಾರ್. ನೀವು ಕೇಳಿದ್ದಕ್ಕೇ ಉತ್ತರ ಹುಡುಕ್ತಾ ಅವನೆ.”

“ಅಲ್ಲೇ ಐತೆ, ಕದಲ್ಸಿಲ್ಲ. ಓಬಯ್ಯಣ್ಣ ಕಾಯ್ತಾ ಅವನೆ,” ಎಂದಳು ಹುಲಿಗೆಮ್ಮ.

ತಿಪ್ಪೇರುದ್ರಪ್ಪ ಡಾಕ್ಟರ ಕಡೆ ತಿರುಗಿದ.

“ಯಲ್ಲದಕೆರೆ, ಸ್ವಾಮಿ,” ಎಂದ.