ಹೊಸ್ತಿಲ ಮೇಲಿನ ಗೇಟು

ನನ್ನ ಸೊಸೆ ದೀಪಾಲಿಯ ಕಣ್ಣಿಗೆ ನಮ್ಮ ಮನೆ ಮನೆಯಾಗಿ ಕಾಣುವುದೇ ಇಲ್ಲ. ನಾನು ಮಂಚ ನೋಡಿದರೆ ಅವಳು ಮಂಚದ ಮೂಲೆ ನೋಡುತ್ತಾಳೆ. ನಾನು ಗೋಡೆ ನೋಡಿದರೆ ಅವಳು ಗೋಡೆಯಲ್ಲಿನ ಪ್ಲಗ್ಗಿನ ತೂತು ನೋಡುತ್ತಾಳೆ. ನಿಪ್ಪಾಣಿಯ ಹುಡುಗಿ, ಬಿ.ಕಾಂ. ಓದಿದವಳು, ಅಥಣಿಯ ಒಂದು ಸೊಸೈಟಿಯಲ್ಲಿ ಕ್ಯಾಷಿಯರ್ ಕೆಲಸ. ಮೊಮ್ಮಗಳು ಓವಿ ಹೆಜ್ಜೆ ಹಾಕಲು ಕಲಿತದ್ದೇ ತಡ, ಸತ್ತಿ ಊರಿನ ನಮ್ಮ ಮನೆಗೆ ಪಾರ್ಸಲ್ಲಿನ ಹುಡುಗ ದಾರಿ ಬಾಯಿಪಾಠ ಮಾಡಿಕೊಂಡ. ಟೇಬಲ್ಲಿನ ಮೂಲೆಗಳಿಗೆ ಸ್ಪಂಜು ಬಂತು, ಪ್ಲಗ್ಗುಗಳಿಗೆ ಬಿರಡೆ ಬಂತು, ಕಪಾಟುಗಳಿಗೆ ಬಿಳಿ ಪಟ್ಟಿಯ ಕೀಲಿ ಬಂತು. ಆ ಕೀಲಿ ತೆಗೆಯುವುದನ್ನು ಕೂಸು ನೋಡನೋಡುತ್ತ ಕಲಿಯಿತು. ನನಗೆ ಇನ್ನೂ ಬಂದಿಲ್ಲ. ಬೆಲ್ಲ ಬೇಕಾದರೆ ನಾನೇ ಮೊಮ್ಮಗಳನ್ನು ಕರೆಯಬೇಕು.

ಮೇಲೆ ಅವಳ ಮೊಬೈಲಿನ ಬುದ್ಧಿಮಾತುಗಳು ಬೇರೆ. ಬಕೆಟ್ಟಿನಲ್ಲಿ ನೀರು ತುಂಬಿಡಬಾರದು, ಬೋರಲು ಹಾಕಬೇಕು. ಒಲೆಯ ಮೇಲಿನ ಪಾತ್ರೆಯ ಹಿಡಿ ಗೋಡೆಯ ಕಡೆಗಿರಬೇಕು. ಬಾಗಿಲ ತಲೆಯ ಮೇಲೆ ಟವೆಲ್ ಹಾಕಿಡಬೇಕು, ಆಗ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಕೂಸಿನ ಬೆರಳು ಸಿಕ್ಕುವುದಿಲ್ಲ. ಆ ಟವೆಲಿನದೊಂದು ಒಳ್ಳೆಯ ಉಪಾಯ, ಸುಳ್ಳೇಕೆ ಹೇಳಲಿ. ಉಳಿದದ್ದಕ್ಕೆಲ್ಲ ನನಗೆ ಮೈ ಉರಿಯುತ್ತಿತ್ತು. ಮೂರು ಮಕ್ಕಳನ್ನು ಹೆತ್ತು ಬೆಳೆಸಿದವಳು ನಾನು. ನನ್ನ ಮನೆಯಲ್ಲಿ ಯಾವ ಕೂಸೂ ಪ್ಲಗ್ಗಿನೊಳಗೆ ಬೆರಳು ಹಾಕಿ ಸತ್ತಿಲ್ಲ. ಆಗ ಮನೆಯಲ್ಲಿ ಪ್ಲಗ್ಗೇ ಇರಲಿಲ್ಲ, ಆ ಮಾತು ಬೇರೆ.

ಕಾಲ್ಗೆಜ್ಜೆಗೆ ಜಗಳವೇ ಆಯಿತು. ನಾನು ಮಾಡಿಸಿದ ಬೆಳ್ಳಿಯ ಗೆಜ್ಜೆ. ಕೂಸು ಎಲ್ಲಿ ಹೋದರೂ ಝಲ್ ಝಲ್ ಎನ್ನುತ್ತಿತ್ತು. ಒಂದು ದಿನ ಅದರದೊಂದು ಗೆಜ್ಜೆಕಾಳು ಕಿತ್ತು ಕೂಸಿನ ಬಾಯಲ್ಲಿ ಸಿಕ್ಕಿತು. ದೀಪಾಲಿ ಬಾಯಿಗೆ ಬೆರಳು ಹಾಕಿ ತೆಗೆದಳು, ಆಮೇಲೆ ಎರಡೂ ಕಾಲಿನದನ್ನು ಬಿಚ್ಚಿ ಟ್ರೆಜರಿ ಕಪಾಟಿನಲ್ಲಿಟ್ಟಳು.

"ಕೂಸಿನ ಕಾಲ ಬರಿಗಾಲ ಮಾಡಿದಿ" ಎಂದೆ.

"ಬರಿಗಾಲ ಇರಲಿ ಅತ್ತಿ, ಗಂಟಲದಾಗ ಸಿಕ್ಕಿದ್ರ ಏನ್ ಮಾಡ್ತಿದ್ರಿ?" ಎಂದಳು. ನಾನು ಎರಡು ದಿನ ಮಾತು ಬಿಟ್ಟೆ.

ಕಬ್ಬಿನ ಹಂಗಾಮು ಶುರುವಾದಾಗ ಗೇಟು ಬಂತು. ನಮ್ಮ ತಲಬಾಗಿಲಿನಿಂದ ಹತ್ತು ಮಾರು ದಾಟಿದರೆ ರಸ್ತೆ. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಬೆನ್ನಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಮನೆಯ ಗಾಜು ಅದುರುವಂತೆ ಹಾಡು ಹಚ್ಚಿಕೊಂಡು ಅಲ್ಲೇ ಹೋಗುತ್ತವೆ. ನಮ್ಮ ಮನೆಯ ಮುಂದೆ ಹಂಪ್ ಇದೆ. ಅಲ್ಲಿ ಅವು ನಿಧಾನವಾಗುತ್ತವೆ. ಆಗ ನಮ್ಮ ಮನೆಯವರು ಓವಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ರಸ್ತೆಯ ಅಂಚಿಗೆ ಹೋಗಿ, ಟ್ರೇಲರಿನಿಂದ ಒಂದು ಕಬ್ಬು ಜಗ್ಗುತ್ತಾರೆ. ಸ್ವಂತ ಹೊಲದಲ್ಲಿ ಎಕರೆಗಟ್ಟಲೆ ಕಬ್ಬು ನಿಂತಿದ್ದರೂ ಟ್ರೇಲರಿನ ಕಬ್ಬೇ ಸಿಹಿ ಅವರಿಗೆ. ಸಿಪ್ಪೆ ಸುಲಿದು ರಸ ಹಿಂಡಿ ಕೂಸಿನ ತುಟಿಗೆ ಹಚ್ಚುತ್ತಾರೆ. ಟ್ರ್ಯಾಕ್ಟರಿನ ಸದ್ದು ಕೇಳಿದರೆ ಸಾಕು, ಓವಿ "ಟಟ್ಟರ್, ಟಟ್ಟರ್" ಎಂದು ಎರಡೂ ಕೈ ಎತ್ತುತ್ತಿತ್ತು. ನಾವು ಅದನ್ನು ನೋಡಿ ನಗುತ್ತಿದ್ದೆವು. ದೀಪಾಲಿ ನಗಲಿಲ್ಲ, ಗೇಟು ತರಿಸಿದಳು.

ಮೊಣಕಾಲಿಗಿಂತ ಸ್ವಲ್ಪ ಎತ್ತರದ ಬಿಳಿ ಗೇಟು ಅದು. ಎರಡೂ ಬದಿಗೆ ರಬ್ಬರಿನ ಬಿಲ್ಲೆಗಳಿವೆ. ತಿರುಪು ತಿರುಗಿಸಿದರೆ ಚೌಕಟ್ಟಿಗೆ ಒತ್ತಿ ಕೂರುತ್ತದೆ. ನಡುವಿನ ಬಾಗಿಲನ್ನು ತೆರೆದರೂ ಕೆಳಗಿನ ಪಟ್ಟಿ ಹೊಸ್ತಿಲ ಮೇಲೆ ಅಡ್ಡ ಬಿದ್ದಿರುತ್ತದೆ. ಅದೇ ನನಗೆ ಆಗಿಬರಲಿಲ್ಲ. ಮುಸ್ಸಂಜೆ ದೀಪ ಹಚ್ಚುವಾಗ ಹಿತ್ತಲ ಬಾಗಿಲು ಹಾಕಬೇಕು, ತಲಬಾಗಿಲು ಪೂರ್ತಿ ತೆರೆದು ಹಾರು ಹೊಡೆದಿರಬೇಕು. ಲಕ್ಷ್ಮಿ ಮುಂದಿನಿಂದ ಬರುತ್ತಾಳೆ, ಹಿಂದಿನಿಂದ ಹೋಗಬಾರದು. ನನ್ನ ಅತ್ತೆ ಹೇಳಿಕೊಟ್ಟದ್ದು ಇದು, ನಾನು ಒಂದು ಸಂಜೆಯೂ ತಪ್ಪಿಸಿದವಳಲ್ಲ. ಅಂಥ ಹೊತ್ತಿನಲ್ಲಿ ಹೊಸ್ತಿಲಿಗೆ ಕಟಕಟೆ ಕಟ್ಟಿ ಕೂತರೆ ಆಕೆ ಏನು ತಿಳಿದುಕೊಳ್ಳಬೇಕು?

"ದೀಪಾ ಹಚ್ಚೂ ಹೊತ್ತಿಗೆ ಅಷ್ಟ ತಗೀತೇನಿ" ಎಂದು ಮೊದಲ ದಿನವೇ ಹೇಳಿದೆ.

"ಅದ ಹೊತ್ತಿಗೇ ಗಾಡಿ ಭಾಳ ಇರ್ತಾವ್ರಿ ಅತ್ತಿ. ನಿಮ್ಮ ಕಾಲ ಹಿಡೀತೇನಿ, ತಗೀಬ್ಯಾಡ್ರಿ."

"ಆತು ತಗೋ" ಎಂದೆ. ಎಂದು, ಮರುದಿನದಿಂದಲೇ ತೆಗೆಯತೊಡಗಿದೆ. ಅವಳು ಟಂಟಂ ಆಟೋ ಹಿಡಿದು ಮನೆ ಮುಟ್ಟುವಷ್ಟರಲ್ಲಿ ಲಕ್ಷ್ಮಿ ಬಂದು ಕೂತಾಗಿರುತ್ತಿತ್ತು, ಗೇಟೂ ಮತ್ತೆ ನಿಂತಿರುತ್ತಿತ್ತು. ನಮ್ಮವರು ಕೂಸನ್ನು ಹೆಗಲ ಮೇಲಿಟ್ಟುಕೊಂಡು ಅಂಗಳದಲ್ಲಿ ತಿರುಗುತ್ತಿದ್ದರು. ಇದರಲ್ಲಿ ತಪ್ಪೇನು ಎಂದು ನನಗೆ ಅನಿಸಿಯೇ ಇರಲಿಲ್ಲ.

ಆವತ್ತು ನಮ್ಮವರು ಬೀಗರನ್ನು ಮಾತಾಡಿಸಲು ಪಾಲಬಾವಿಗೆ ಹೋಗಿದ್ದರು. ಮಗ ಸಂಜಯ ಹೊಲದಲ್ಲಿ ಕಬ್ಬು ಕಡಿಯುವವರ ಜೊತೆ ಇದ್ದ. ಮನೆಯಲ್ಲಿ ನಾನು ಮತ್ತು ಕೂಸು. ಹೊತ್ತು ಮುಳುಗುತ್ತಿತ್ತು. ಹಿತ್ತಲ ಬಾಗಿಲಿಗೆ ಅಗಳಿ ಹಾಕಿದೆ, ಗೇಟಿನ ತಿರುಪು ಬಿಚ್ಚಿ ಅದನ್ನು ಗೋಡೆಗೆ ಒರಗಿಸಿದೆ. ಓವಿಯನ್ನು ದೇವರ ಕೋಣೆಯಲ್ಲೇ, ನನ್ನ ಬೆನ್ನ ಹಿಂದೆ ಕೂರಿಸಿ, ತಾಟಿನಲ್ಲಿ ಒಂದು ಹಿಡಿ ಚುರುಮುರಿ ಹಾಕಿದೆ. ಚುರುಮುರಿಗೂ ದೀಪಾಲಿಯ ಒಪ್ಪಿಗೆ ಇಲ್ಲ, ಅದೂ ಗಂಟಲಿಗೆ ಸಿಕ್ಕುತ್ತದಂತೆ. ಕಡ್ಡಿಪೆಟ್ಟಿಗೆ ಥಂಡಿ ಹಿಡಿದಿತ್ತು. ಒಂದು ಕಡ್ಡಿ ಮುರಿಯಿತು, ಇನ್ನೊಂದು ಹೊಗೆ ಬಿಟ್ಟು ಸತ್ತಿತು. ಬೈದುಕೊಳ್ಳುತ್ತ ಗೀರಿ ಗೀರಿ ಅಂತೂ ದೀಪ ಹಚ್ಚಿ, ಕೈ ಮುಗಿದು, ತಿರುಗಿದೆ.

ತಾಟು ಇತ್ತು. ಚುರುಮುರಿ ನೆಲದ ಮೇಲೆ ಚೆಲ್ಲಿತ್ತು. ಕೂಸು ಇರಲಿಲ್ಲ.

"ಎಲ್ಲಿ ಅಡಗೀದಿ ಬೇ ಕಳ್ಳಿ?" ಎಂದು ನಗುತ್ತಲೇ ಎದ್ದೆ. ಮಂಚದ ಕೆಳಗೆ ಬಗ್ಗಿ ನೋಡಿದೆ. ಜೋಳದ ಡ್ರಮ್ಮುಗಳ ಹಿಂದೆ ನೋಡಿದೆ. ಬಚ್ಚಲಿಗೆ ಓಡಿದೆ, ಬಕೆಟ್ಟುಗಳೆಲ್ಲ ಬೋರಲು ಬಿದ್ದಿದ್ದವು. ನನ್ನ ಸೊಸೆಗೆ ಅಂದೇ ಮೊದಲ ಸಲ ಮನಸ್ಸಿನಲ್ಲಿ ಪುಣ್ಯ ಬರಲಿ ಎಂದೆ. ಹಿತ್ತಲ ಅಗಳಿ ನಾನೇ ಹಾಕಿದ್ದು, ಹಾಗೇ ಇತ್ತು. ಹಾಗಾದರೆ ಉಳಿದದ್ದು ಒಂದೇ ಬಾಗಿಲು. ಲಕ್ಷ್ಮಿ ಬರಲಿ ಎಂದು ತೆರೆದ ಬಾಗಿಲಿನಿಂದ ಮನೆಯ ಲಕ್ಷ್ಮಿಯೇ ಹೊರಗೆ ಹೋಗಿದ್ದಾಳೆ, ಮುದಿ ಕತ್ತೆ, ಮಾಡಿದೆಯಲ್ಲ ಮಾಡಬಾರದ್ದನ್ನು ಎಂದು ನನ್ನನ್ನೇ ಬೈದುಕೊಳ್ಳುತ್ತ ಅಂಗಳಕ್ಕೆ ಬಿದ್ದೆ.

ದನಗಳಿಗೆ ನೀರು ಕುಡಿಸುವ ತೊಟ್ಟಿ ತುಂಬಿತ್ತು. ಅದಕ್ಕೆ ದೀಪಾಲಿ ಮುಚ್ಚಳ ಮಾಡಿಸಿ ಎಂದು ಎಷ್ಟು ಸಲ ಹೇಳಿದ್ದಳು. ಮಬ್ಬಿನಲ್ಲಿ ನೀರು ಕಪ್ಪಗೆ ಕಾಣುತ್ತಿತ್ತು, ತಳ ಕಾಣುತ್ತಿರಲಿಲ್ಲ. ತೋಳಿನ ತನಕ ಕೈ ಹಾಕಿ ತಡಕಾಡಿದೆ. ಏನಾದರೂ ಕೈಗೆ ಸಿಕ್ಕರೆ ನಾನು ಅಲ್ಲೇ ಸಾಯುತ್ತೇನೆ ಅನಿಸಿತು. ಪಾಚಿ ಸಿಕ್ಕಿತು, ಬೇರೇನೂ ಸಿಗಲಿಲ್ಲ. ಯಾವ ಕಡೆ ಹೋಗಲಿ ಎಂದು ನಿಂತು ಕಿವಿಗೊಟ್ಟೆ. ಯಾವ ಸದ್ದಿಗೆ ಕಾಯುತ್ತಿದ್ದೇನೆಂದು ಆಮೇಲೆ ತಿಳಿಯಿತು. ಗೆಜ್ಜೆಯ ಸದ್ದು. ಅದು ಟ್ರೆಜರಿಯಲ್ಲಿತ್ತು.

"ಸುಂದ್ರವ್ವಾ! ನಮ್ಮ ಓವಿ ನಿಮ್ಮಲ್ಲಿ ಬಂದೈತೇನ?"

ಪಕ್ಕದ ಮನೆಯ ಸುಂದ್ರವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಇಲ್ಲಲ್ಲ ರುಕ್ಮಕ್ಕ. ಯಾಕ, ಗೇಟ ಹಾಕಿರಲಿಲ್ಲೇನ?"

ನಾನು ಒದ್ದೆ ತೋಳನ್ನು ಸೆರಗಿಗೆ ಒರೆಸಿಕೊಂಡೆ.

"ನೀ ರಸ್ತೇ ಕಡೆ ನೋಡು. ನಾ ಹೊಳಿ ಕಡೆ ನೋಡ್ತೇನಿ" ಎಂದವಳೇ ಹಿಂದಿನ ಓಣಿಗೆ ಓಡಿದಳು. ಕೃಷ್ಣೆ ನಮ್ಮೂರಿನ ಬಗಲಲ್ಲೇ ಹರಿಯುತ್ತಾಳೆ. ಪುಟ್ಟ ಕಾಲು ಅಷ್ಟು ದೂರ ಹೋಗಲಾರವು ಎಂದು ಬುದ್ಧಿ ಹೇಳಿತು. ಬುದ್ಧಿಯ ಮಾತು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹಂಪಿನಾಚೆ, ಚಹಾದ ಅಂಗಡಿಯ ಎದುರು ಒಂದು ಕಬ್ಬಿನ ಟ್ರ್ಯಾಕ್ಟರು ನಿಂತಿತ್ತು. ಅದರ ಹಾಡಿಗೆ ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. ಅದನ್ನು ದಾಟಿ ಅಂಗಡಿಗೆ ಓಡಿದೆ. "ನಮ್ಮ ಕೂಸನ್ನ ನೋಡೀರೇನ್ರಪ್ಪಾ? ಹಳದಿ ಫ್ರಾಕ್ ಹಾಕ್ಕೊಂಡೈತಿ." ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲೊಬ್ಬ ಚಹಾ ಮುಗಿಸಿ, ಲೋಟ ಇಟ್ಟು, ಹೋಗಿ ಟ್ರ್ಯಾಕ್ಟರ್ ಏರಿದ. ಗಡಿಯಾಚೆಯ ಮರಾಠಿ ಡ್ರೈವರ್, ನನ್ನ ಕನ್ನಡ ಅವನಿಗೆ ತಿಳಿದಿರಲಿಕ್ಕಿಲ್ಲ. ಇಂಜಿನ್ ಗುಡುಗಿತು. ನಾನು ತಿರುಗಿ ನೋಡಿದೆ.

ಎರಡು ಟ್ರೇಲರುಗಳ ನಡುವೆ, ಅವನ್ನು ಜೋಡಿಸಿದ ಕಬ್ಬಿಣದ ದಂಡಿಗೆಯ ಹತ್ತಿರ, ಹಳದಿ ಬಣ್ಣ ಕಂಡಿತು. ಓವಿ ಎರಡೂ ಕೈಯಿಂದ ಜೋತುಬಿದ್ದ ಕಬ್ಬಿನ ತುದಿಯನ್ನು ಹಿಡಿದು, ಅಜ್ಜ ಜಗ್ಗುವ ಹಾಗೇ ಹಿಂದಕ್ಕೆ ಬಾಗಿ ಜಗ್ಗುತ್ತಿತ್ತು.

ಕೂಸಿನ ಹತ್ತಿರ ಓಡಲೋ, ಟ್ರ್ಯಾಕ್ಟರಿನ ಮುಂದೆ ಓಡಲೋ? ಕೂಸು ದೂರವಿತ್ತು, ಟ್ರ್ಯಾಕ್ಟರಿನ ಮೂತಿ ಹತ್ತಿರವಿತ್ತು. ನಾನು ಮೂತಿಯ ಮುಂದೆ ಹೋಗಿ ಬಿದ್ದೆ. ಎರಡೂ ಕೈಯಿಂದ ಅದರ ಜಾಲರಿಯನ್ನು ಬಡಿದೆ. ಗಾಡಿ ಒಂದು ಸಲ ಮುಂದಕ್ಕೆ ಜಗ್ಗಿತು. ಬಿಸಿ ಗಾಳಿ ಮುಖಕ್ಕೆ ರಾಚಿತು. ಜಗ್ಗಿದ್ದು ಎಷ್ಟೋ, ಹಿಂದಿನ ಗಾಲಿ ಎಲ್ಲಿಗೆ ಬಂತೋ, ನನಗೆ ಕಾಣುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟವನ್ನು ನಾನು ಹೆರಿಗೆಯಲ್ಲೂ ಪಟ್ಟಿಲ್ಲ.

"ಏ ಆಜೀ, ಮರಾಯ್ಚಂ ಹಾಯ್ ಕಾ?" ಡ್ರೈವರ್ ಬ್ರೇಕ್ ಹಾಕಿ, ಸಾಯಬೇಕೇನು ಅಜ್ಜಿ ಎಂದು ಮರಾಠಿಯಲ್ಲಿ ಕಿರುಚಿದ.

"ಮಾಗಂ ಪೋರಗೀ ಹಾಯ್ ರೇ! ಕೂಸ ಐತಿ ಹಿಂದ, ಕೂಸು!" ಯಾವ ಭಾಷೆ ಬಾಯಿಗೆ ಬಂತೋ ಅದರಲ್ಲಿ ಒದರಿದೆ.

ಅವನ ಮುಖ ಬಿಳಿಚಿಕೊಂಡಿತು. ಇಂಜಿನ್ ಆರಿಸಿ, ಹಾಡು ಆರಿಸದೆ, ಹಿಂದಕ್ಕೆ ಹಾರಿದ. ನಾನೂ ಓಡಿದೆ. ಅವನು ದಂಡಿಗೆಯ ಕೆಳಗಿನಿಂದ ಕೂಸನ್ನು ಎತ್ತಿ ತಂದ. ಮೈಯೆಲ್ಲ ಧೂಳು, ಫ್ರಾಕಿಗೆ ಗ್ರೀಸು, ಗಾಯ ಒಂದೂ ಇಲ್ಲ. ಕಬ್ಬು ಕೈಬಿಟ್ಟಿತೆಂದು ಓವಿ ಅಳುತ್ತಿತ್ತು. ನಾನು ಕೈ ಚಾಚುವಷ್ಟರಲ್ಲಿ ಹಿಂದೆ ನಿಂತ ಟಂಟಂನಿಂದ ಒಬ್ಬಳು ಧುಮುಕಿ ಬಂದು ಕೂಸನ್ನು ಕಸಿದುಕೊಂಡಳು. ದೀಪಾಲಿ. ಡ್ರೈವರ್ ಅವಳಿಗೂ ನನಗೂ ಕೈ ಮುಗಿದ.

ಅವಳು ಕೂಸನ್ನು ಎದೆಗೊತ್ತಿಕೊಂಡು ಮನೆಯ ಕಡೆ ನಡೆದಳು. ನಾನು ಹಿಂದೆ ನಡೆದೆ. ಸುಂದ್ರವ್ವ ಹೊಳೆಯ ಕಡೆಯಿಂದ ಏದುಸಿರು ಬಿಡುತ್ತ ಬಂದು "ಸಿಕ್ತಲ್ಲ ಯವ್ವಾ, ಸಿಕ್ತಲ್ಲ" ಎಂದು ಅತ್ತಳು. ದೀಪಾಲಿ ಹೊಸ್ತಿಲು ದಾಟಿ, ಗೋಡೆಗೆ ಒರಗಿಸಿದ ಗೇಟಿನ ಎದುರು ನಿಂತಳು.

"ಇದನ್ನ ಯಾರ ತಗದ್ರು?"

ಗಾಳಿಗೆ ಬಿತ್ತು ಎನ್ನಬಹುದಿತ್ತು. ಕೂಸೇ ಬಿಚ್ಚಿತು ಎನ್ನಬಹುದಿತ್ತು. ಎರಡೂ ಮಾತು ನಾಲಿಗೆಯ ತುದಿಗೆ ಬಂದವು, ನುಂಗಿದೆ.

"ನಾನ ತಗದೇನಿ. ದಿನಾ ತಗೀತೇನಿ."

"ದಿನಾ?" ಅವಳ ದನಿ ಒಡೆಯಿತು. "ನಾ ನಿಮ್ಮ ಕಾಲ ಹಿಡದಿದ್ನೆಲ್ರಿ ಅತ್ತಿ! ಅಲ್ಲಿ ಕುಂತ ರೊಕ್ಕಾ ಎಣಿಸುವಾಗ ನನ್ನ ಜೀವಾ ಇಲ್ಲೇ ಇರ್ತೈತಿ. ಗೇಟ ಐತಿ ಅಂತ ಸಮಾಧಾನ ಮಾಡ್ಕೋತಿದ್ನಿ. ನಾಳಿಂದ ನಾ ಯಾರ ಮ್ಯಾಲ ಬಿಟ್ಟ ಹೋಗ್ಲಿ, ನೀವ ಹೇಳ್ರಿ. ನೌಕರೀನ ಬಿಟ್ಟ ಬಿಡ್ಲೇನು?"

ನನ್ನದು ಸಿಟ್ಟಿನ ಬಾಯಿ, ಯಾರೂ ನನ್ನೆದುರು ಹೀಗೆ ದನಿ ಏರಿಸಿಲ್ಲ. ಆದರೂ ಗೇಟನ್ನು ಎತ್ತಿ ತಂದು ಚೌಕಟ್ಟಿಗೆ ಇಟ್ಟೆ. ಒಂದು ಬದಿಯ ತಿರುಪು ಬಿಗಿದೆ, ಇನ್ನೊಂದು ಬದಿಯದನ್ನು ಬಿಗಿದೆ, ಬೆರಳು ನೋಯುವ ತನಕ ಬಿಗಿದೆ. ದೇವರ ಕೋಣೆಗೆ ಹೋಗಿ ನೋಡಿದರೆ ಗಾಳಿಗೆ ದೀಪ ಆರಿತ್ತು. ಮತ್ತೆ ಹಚ್ಚಿದೆ. ಅದನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದೆ. ಹೊರಗೆ ಕತ್ತಲಾಗಿತ್ತು; ಇನ್ನೊಂದು ಟ್ರ್ಯಾಕ್ಟರು ಹಂಪ್ ಹತ್ತುತ್ತಿತ್ತು.

"ದಾಟಿ ಬಾರವ್ವಾ ಲಕ್ಷ್ಮೀ" ಎಂದೆ ಗೇಟಿನ ಈಚೆ ನಿಂತು. "ನೀ ದೊಡ್ಡಾಕಿ ಅದಿ, ನಿನಗ ದಾಟಾಕ ಬರ್ತೈತಿ. ನಮ್ಮ ಕೂಸಿಗೆ ಬರೂದಿಲ್ಲ. ಬರೂದಿದ್ರ ದಾಟಿ ಬಾ, ಇಲ್ಲಾಂದ್ರ ಅಲ್ಲೇ ನಿಂದ್ರು."

ದೀಪಾಲಿ ಕೂಸನ್ನು ಬಗಲಲ್ಲಿಟ್ಟುಕೊಂಡು ಹತ್ತಿರ ಬಂದಳು. ಗೇಟನ್ನು ಹಿಡಿದು ಜಗ್ಗಿ ನೋಡಿದಳು. ಅದು ಅಲುಗಲಿಲ್ಲ. ಮತ್ತೊಮ್ಮೆ ಜಗ್ಗಿದಳು. ಆಮೇಲೆ ನನ್ನ ಕೈಯಿಂದ ದೀಪ ತೆಗೆದು ಗೋಡೆಯ ಮಾಡದಲ್ಲಿಟ್ಟು, ಓವಿಯನ್ನು ನನ್ನ ತೋಳಿಗೆ ಕೊಟ್ಟು, ಮುಖ ತೊಳೆಯಲು ಒಳಗೆ ಹೋದಳು. ಕೂಸು ಜಾರೀತೆಂದು ಹೆದರಿ, ಗೋಡೆಗೆ ಒರಗಿ ನೆಲಕ್ಕೆ ಕೂತು, ಅವಳು ಬರುವ ತನಕ ಎರಡೂ ಕೈಯಿಂದ ಅಪ್ಪಿಕೊಂಡೇ ಇದ್ದೆ.